ಹಚ್ಚೆ ಅಳಿಸಿಕೊಳ್ಳುವವರು ತಿಳಿದಿರಬೇಕಾದದ್ದು

ಹಚ್ಚೆಯೆಂಬುದು ನಮ್ಮ ನಾಡಿಗೆ ಹೊಸದಲ್ಲ. ಕೊರವಂಜಿಯರೂ ಕಿಳ್ಳೇಕ್ಯಾತರ ಹೆಂಗಸರೂ ಸೂಜಿಗಳ ಕಟ್ಟನ್ನು ಬುಟ್ಟಿಯಲ್ಲಿಟ್ಟುಕೊಂಡು ಊರೂರು ತಿರುಗುತ್ತಿದ್ದ ಕಾಲವನ್ನು ನಮ್ಮ ವಯೋಮಾನದವರು ಕಣ್ಣಾರೆ ಕಂಡಿದ್ದೇವೆ. ದೀಪದ ಕಾಡಿಗೆಯನ್ನು ಸೊಪ್ಪಿನ ರಸದಲ್ಲಿ ಕಲಸಿ, ಹಾಡು ಹೇಳುತ್ತ, ಅಳುವ ಹುಡುಗಿಯನ್ನು ರಮಿಸುತ್ತ, ಮುಂಗೈಯ ಮೇಲೆ ಚೇಳನ್ನೋ ತೊಟ್ಟಿಲನ್ನೋ ಹಣೆಯ ನಡುವೆ ಒಂದು ಬೊಟ್ಟನ್ನೋ ಅವರು ಚುಚ್ಚುತ್ತಿದ್ದರು. ಕೂಲಿಯೆಂದರೆ ಒಂದಿಷ್ಟು ರಾಗಿ ಅಥವಾ ಜೋಳ. ಬಂಗಾರ ಬೆಳ್ಳಿಗಳನ್ನು ಉಳಿದವರು ಬಿಚ್ಚಿಟ್ಟುಕೊಳ್ಳುತ್ತಾರೆ, ಮಣ್ಣಿನವರೆಗೂ ಜೊತೆಗೆ ಬರುವ ಒಡವೆ ಹಚ್ಚೆಯೊಂದೇ ಎಂದು ನಮ್ಮ ಅಜ್ಜಿಯರು ನಂಬಿದ್ದರು. ಅಳಿಸಲಾಗದ್ದೆಂಬುದೇ ಅದರ ಬೆಲೆಯಾಗಿತ್ತು.

ಈಗ ಹಚ್ಚೆಯ ಹೆಸರು ಟ್ಯಾಟೂ ಎಂದಾಗಿದೆ. ಬುಟ್ಟಿಯ ಬದಲಿಗೆ ವಿದ್ಯುತ್ ಯಂತ್ರ, ಜಗಲಿಯ ಬದಲಿಗೆ ಹವಾನಿಯಂತ್ರಿತ ಅಂಗಡಿ. ಬೆಂಗಳೂರಿನ ಮಾಗಡಿ ರಸ್ತೆಯ ಬದಿಯ ಕಾಮಾಕ್ಷಿಪಾಳ್ಯವನ್ನು ಬಲ್ಲವರಿಗೆ ಅಲ್ಲಿನ ಓಣಿಗಳ ಚಿತ್ರ ಹೊಸದೇನಲ್ಲ. ಕೆಳಗೆ ಲೇತ್ ಯಂತ್ರ, ವೆಲ್ಡಿಂಗ್, ಪ್ಲೇಟಿಂಗ್ ಕೆಲಸಗಳ ಸಣ್ಣ ಕಾರ್ಖಾನೆಗಳು, ಮೇಲೆ ಸಂಸಾರಗಳು. ಇಂತಹ ಬಡಾವಣೆಗಳಲ್ಲಿಯೂ ಪಕ್ಕದ ಬಸವೇಶ್ವರನಗರ, ವಿಜಯನಗರ, ರಾಜಾಜಿನಗರಗಳಲ್ಲಿಯೂ ಹದಿನೆಂಟು ಹತ್ತೊಂಬತ್ತರ ಹರೆಯದವರ ತೋಳನ್ನು ನೋಡಿದರೆ ಹಚ್ಚೆ ಎಷ್ಟು ಹರಡಿದೆಯೆಂಬುದು ತಿಳಿಯುತ್ತದೆ. ಹಾಕಿಸಿಕೊಳ್ಳುವುದನ್ನು ಕುರಿತು ನಮ್ಮಲ್ಲಿ ಯಾರೂ ಅಭಿಪ್ರಾಯ ಕೇಳುವುದಿಲ್ಲ. ಅಳಿಸಬೇಕಾದಾಗ ಮಾತ್ರ ತಂದೆತಾಯಿಗಳು ಮಠಕ್ಕೂ ಬರುತ್ತಾರೆ, ನಮ್ಮಂಥವರ ಮನೆಗೂ ಬರುತ್ತಾರೆ. ಹೀಗೆ ಬಂದವರಿಗಾಗಿ ನಾವು ಚರ್ಮವೈದ್ಯರನ್ನು ಕೇಳಿ, ಓದಿ ತಿಳಿದುಕೊಂಡ ಸಂಗತಿಗಳನ್ನು ಎಲ್ಲ ಮನೆಗಳಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇವೆ.

ಬರುವವರಲ್ಲಿ ಹೆಚ್ಚಿನವರು ನೌಕರಿಯ ಚಿಂತೆಯವರು. ಭಾರತೀಯ ಸೇನೆಯ ನೇಮಕಾತಿಯಲ್ಲಿ ಮೊಣಕೈಯ ಒಳಭಾಗದಿಂದ ಮಣಿಕಟ್ಟಿನವರೆಗಿನ ಮುಂಗೈಯ ಒಳಮೈ ಹಾಗೂ ಅಂಗೈಯ ಹಿಂಬದಿ, ಇವೆರಡು ಕಡೆ ಮಾತ್ರ ಶಾಶ್ವತ ಹಚ್ಚೆಗೆ ಅನುಮತಿಯುಂಟು. ಪಾರಂಪರಿಕವಾಗಿ ಹಚ್ಚೆ ಹಾಕಿಸಿಕೊಳ್ಳುವ ಬುಡಕಟ್ಟುಗಳವರಿಗೆ ಪ್ರತ್ಯೇಕ ರಿಯಾಯಿತಿಯಿದೆ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಹುದ್ದೆಗಳ ನಿಯಮ ಇನ್ನೂ ಬಿಗಿಯಾದುದು. ಅಲ್ಲಿ ಮುಂಗೈಯ ಒಳಮೈ ಎಂದರೆ ಎಡಗೈಯದು ಮಾತ್ರ, ಏಕೆಂದರೆ ಬಲಗೈ ವಂದನೆ ಸಲ್ಲಿಸುವ ಕೈ. ಧಾರ್ಮಿಕ ಚಿಹ್ನೆ ಅಥವಾ ಹೆಸರು ಇರಬಹುದು, ಆದರೆ ಅದರ ಗಾತ್ರ ಆ ಅಂಗದ ನಾಲ್ಕನೆಯ ಒಂದು ಪಾಲಿಗಿಂತ ಕಡಿಮೆಯಿರಬೇಕು. ಅಧಿಸೂಚನೆ ಬದಲಾಗುವುದುಂಟು, ಆದುದರಿಂದ ಅರ್ಜಿ ಹಾಕುವವರು ಆಯಾ ವರ್ಷದ ಅಧಿಸೂಚನೆಯನ್ನೇ ಓದಿಕೊಳ್ಳತಕ್ಕದ್ದು.

ಕಾಮಾಕ್ಷಿಪಾಳ್ಯದ ಲೇತ್ ಕೆಲಸಗಾರರೊಬ್ಬರ ಮಗ ಇದೇ ಬಲಗೈಯ ಮೇಲೆ, ಅದೂ ಹೊರಮೈಗೆ, ಸಿನಿಮಾ ನಟರೊಬ್ಬರ ಹೆಸರನ್ನು ದಪ್ಪ ಅಕ್ಷರಗಳಲ್ಲಿ ಬರೆಸಿಕೊಂಡಿದ್ದ. ಓಟದಲ್ಲಿ ಗೆದ್ದಿದ್ದಾನೆ, ಲಿಖಿತ ಪರೀಕ್ಷೆಯೂ ಆಗಿದೆ, ವೈದ್ಯಕೀಯ ಪರೀಕ್ಷೆಗೆ ಉಳಿದಿರುವುದು ಎರಡು ತಿಂಗಳು. "ಅಳಿಸೋಕೆ ಎಷ್ಟು ದಿನ ಬೇಕು ಗುರುಗಳೇ?" ಎಂದು ತಂದೆ ಕೇಳಿದರು. ಒಂದು ವರ್ಷಕ್ಕೆ ಕಡಿಮೆಯಿಲ್ಲವೆಂದು ವೈದ್ಯರು ಹೇಳಿದ್ದನ್ನು ತಿಳಿಸಿದಾಗ ಆ ಮನುಷ್ಯ ಮಾತಾಡದೆ ಕುಳಿತರು. ಪ್ಲೇಟಿಂಗ್ ಅಂಗಡಿಯ ಆಸಿಡ್ಡನ್ನು ಹತ್ತಿಯಲ್ಲಿ ಅದ್ದಿ ಒರೆಸಿದರೆ ಒಂದೇ ವಾರದಲ್ಲಿ ಹೋಗುತ್ತದೆಂದು ಯಾರೋ ಅವರಿಗೆ ಹೇಳಿದ್ದರು. ದೇವರ ದಯೆ, ಅದನ್ನು ಮಾಡುವ ಮುಂಚೆ ಕೇಳಲು ಬಂದಿದ್ದರು.

ಈ ವಿಷಯವನ್ನು ಬಿಡಿಸಿ ಹೇಳಬೇಕು. ಆಸಿಡ್, ಗೇರೆಣ್ಣೆ, ಸುಣ್ಣಕ್ಕೆ ಬಟ್ಟೆಸೋಡಾ ಕಲಸಿ ಹಚ್ಚುವುದು, ಉಪ್ಪಿನಿಂದ ತಿಕ್ಕುವುದು, ಇವೆಲ್ಲ ಹಳೆಯ ಉಪಾಯಗಳೆಂದು ಈಗಲೂ ಹೇಳುವವರಿದ್ದಾರೆ. ಇವು ಹಚ್ಚೆಯನ್ನು ತೆಗೆಯುವುದಿಲ್ಲ, ಚರ್ಮವನ್ನು ಸುಡುತ್ತವೆ. ಸುಟ್ಟ ಗಾಯ ಮಾಯ್ದ ಮೇಲೆ ಉಬ್ಬಿದ ಕಲೆ ನಿಲ್ಲುತ್ತದೆ, ಅದರಡಿಯಲ್ಲಿ ಮಸಿಯೂ ಉಳಿದಿರುತ್ತದೆ. ಹಚ್ಚೆಯನ್ನು ನೋಡುವ ವೈದ್ಯಾಧಿಕಾರಿ ಅಂಥ ಕಲೆಯನ್ನೂ ನೋಡುತ್ತಾನೆ.

ಇನ್ನು ಮದುವೆಯ ಕಾರಣಕ್ಕಾಗಿ ಬರುವವರು. ಕೈಯ ಮೇಲೆ ಹಿಂದೊಮ್ಮೆ ಬರೆಸಿಕೊಂಡ ಹೆಸರೊಂದನ್ನು ಇಟ್ಟುಕೊಂಡು ವರ್ಷಗಟ್ಟಲೆ ತುಂಬುತೋಳಿನ ರವಿಕೆ ಹಾಕಿಕೊಳ್ಳುವ ಹೆಣ್ಣುಮಕ್ಕಳು ನಮ್ಮ ಮನೆಗಳಲ್ಲಿಯೇ ಇದ್ದಾರೆ. ಅವರನ್ನು ಹಂಗಿಸುವುದರಿಂದ ಒಂದು ಅಕ್ಷರವೂ ಮಾಸುವುದಿಲ್ಲ. ಆ ಹೆಸರು ಯಾರದೆಂದು ಕೇಳುವ ಅಗತ್ಯ ವೈದ್ಯರಿಗಿಲ್ಲ, ಮನೆಯವರಿಗೂ ಇರಬಾರದೆಂದು ನಮ್ಮ ಮತ.

ಮತ್ತೊಂದು ಪ್ರಶ್ನೆ ನಮ್ಮ ಸಮಾಜದವರದೇ ಆದದ್ದು. ತೋಳಿನ ಮೇಲೆ ಲಿಂಗದ ಆಕಾರವನ್ನೋ ಬಸವಣ್ಣನವರ ಭಾವಚಿತ್ರವನ್ನೋ ಬರೆಸಿಕೊಂಡವರು ಅಳಿಸಿದರೆ ದೋಷ ಬರುತ್ತದೆಯೇ ಎಂದು ಅಳುಕುತ್ತಾರೆ. ಇಷ್ಟಲಿಂಗವೆಂಬುದು ಗುರು ಕರಸ್ಥಲಕ್ಕೆ ಕೊಟ್ಟದ್ದು, ಸೂಜಿ ಕೊಟ್ಟದ್ದಲ್ಲ. ಮಸಿ ಮಾಸಿದರೆ ದೀಕ್ಷೆ ಮಾಸುವುದಿಲ್ಲ. ಅಳುಕು ಬೇಡ.

ಮಸಿ ಏಕೆ ಅಷ್ಟು ಗಟ್ಟಿಯಾಗಿ ನಿಲ್ಲುತ್ತದೆ? ಚರ್ಮಕ್ಕೆ ಮೇಲುಪದರ, ಒಳಪದರಗಳುಂಟು. ಮೇಲುಪದರ ಸದಾ ಉದುರಿ ಹೊಸದಾಗುತ್ತಿರುತ್ತದೆ, ಅಲ್ಲಿ ಹಾಕಿದ ಬಣ್ಣ ಕೆಲವೇ ವಾರಗಳಲ್ಲಿ ಹೋದೀತು. ಹಚ್ಚೆಯ ಸೂಜಿ ಮುಟ್ಟುವುದು ಒಳಪದರವನ್ನು. ಅಲ್ಲಿ ಬಿದ್ದ ಮಸಿಯ ಕಣಗಳನ್ನು ದೇಹದ ಕಾವಲು ಕಣಗಳು ನುಂಗಿಕೊಳ್ಳುತ್ತವೆ. ನುಂಗಿದವು ಜೀರ್ಣಿಸಲಾರವು, ಹೊತ್ತುಕೊಂಡು ಹೋಗಲು ಕಣಗಳು ತೀರ ದೊಡ್ಡವು. ಹೀಗಾಗಿ ಅಲ್ಲಿಯೇ ಕೂರುತ್ತವೆ. ಅವು ಸತ್ತಾಗ ಹೊರಬಿದ್ದ ಮಸಿಯನ್ನು ಹೊಸ ಕಾವಲು ಕಣಗಳು ಮತ್ತೆ ನುಂಗುತ್ತವೆಂದು 2018ರಲ್ಲಿ ಫ್ರಾನ್ಸ್ ದೇಶದ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಮನೆಯ ಯಜಮಾನ ತೀರಿಕೊಂಡರೂ ಸಾಲ ಮಗನ ತಲೆಗೆ ಬರುವಂತೆ!

ಲೇಸರ್ ಮಾಡುವ ಕೆಲಸ ಆ ದೊಡ್ಡ ಕಣಗಳನ್ನು ಒಡೆದು ಪುಡಿ ಮಾಡುವುದಷ್ಟೇ. ಪುಡಿಯನ್ನು ಹೊತ್ತು ಸಾಗಿಸುವುದು ದೇಹದ ಕೆಲಸ. ಈ ಒಂದು ಮಾತನ್ನು ತಿಳಿದುಕೊಂಡರೆ ಉಳಿದುದೆಲ್ಲ ತಾನಾಗಿ ತಿಳಿಯುತ್ತದೆ. ಎರಡು ಸರದಿಗಳ ನಡುವೆ ವಾರಗಟ್ಟಲೆ ಕಾಯುವುದು ದೇಹಕ್ಕೆ ಆ ಕೆಲಸ ಮಾಡಲು ಅವಕಾಶ ಕೊಡುವುದಕ್ಕಾಗಿಯೇ ಹೊರತು ಆಸ್ಪತ್ರೆಯವರ ಅನುಕೂಲಕ್ಕಲ್ಲ. ಅಮೆರಿಕದ ಮೈಮನ್ ಎಂಬುವರು 1960ರಲ್ಲಿ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಕಿರಣವನ್ನು ಹೊರಡಿಸಿದರು. ಅದೇ ದಶಕದಲ್ಲಿ ಲಿಯಾನ್ ಗೋಲ್ಡ್‌ಮನ್ ಎಂಬ ಚರ್ಮವೈದ್ಯರು ಹಚ್ಚೆಯ ಮೇಲೆ ಅದನ್ನು ಪರೀಕ್ಷಿಸಿದರು. ಸುತ್ತಲಿನ ಚರ್ಮವನ್ನು ಸುಡದೆ ಬಣ್ಣದ ಕಣವನ್ನು ಮಾತ್ರ ಹೊಡೆಯಬೇಕಾದರೆ ಕಿರಣದ ಬಣ್ಣವೂ ಅದರ ಅವಧಿಯೂ ಹೇಗಿರಬೇಕೆಂಬ ಸಿದ್ಧಾಂತವನ್ನು 1983ರಲ್ಲಿ ಆಂಡರ್ಸನ್ ಮತ್ತು ಪ್ಯಾರಿಷ್ ಎಂಬುವರು ವಿವರಿಸಿದರು. ಇಂದು ಬಳಕೆಯಲ್ಲಿರುವ ಕ್ಯೂ-ಸ್ವಿಚ್ ಲೇಸರ್‌ನ ಒಂದೊಂದು ಮಿಂಚು ಸೆಕೆಂಡಿನ ನೂರು ಕೋಟಿ ಪಾಲುಗಳಲ್ಲಿ ಕೆಲವೇ ಪಾಲುಗಳಷ್ಟು ಕಾಲ ಇರುತ್ತದೆ. 2012ರ ಈಚೆಗೆ ಬಂದ ಪೈಕೋ ಲೇಸರ್‌ಗಳ ಮಿಂಚು ಅದಕ್ಕಿಂತಲೂ ಕಿರಿದು.

ನಮ್ಮವರ ಗೋಧಿಬಣ್ಣ ಕಪ್ಪುಬಣ್ಣಗಳ ಮೈಗೆ ಇಲ್ಲೊಂದು ವಿಶೇಷವಾದ ಎಚ್ಚರಿಕೆ ಬೇಕು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಕಿರಣವನ್ನು ಹೀರುತ್ತದೆ. ಹೀರಿದರೆ ಚರ್ಮ ಸುಟ್ಟು ಕರ್ರಗೋ ಬೆಳ್ಳಗೋ ಆಗುತ್ತದೆ. ಎನ್‌ಡಿ-ಯಾಗ್ ಲೇಸರ್‌ನ 1064 ನ್ಯಾನೋಮೀಟರ್ ತರಂಗವನ್ನು ಮೆಲನಿನ್ ಕಡಿಮೆ ಹೀರುವುದರಿಂದ ನಮ್ಮ ಚರ್ಮಕ್ಕೆ ಅದೇ ಕ್ಷೇಮಕರವೆಂದು ವೈದ್ಯರು ಆರಿಸುತ್ತಾರೆ. ಕಪ್ಪು ಮತ್ತು ಕಡುನೀಲಿಗೆ ಅದು ಚೆನ್ನಾಗಿ ಹಿಡಿಯುತ್ತದೆ. ಕೆಂಪಿಗೆ 532, ಹಸುರಿಗೆ 694 ಅಥವಾ 755 ನ್ಯಾನೋಮೀಟರ್ ಬೇಕು, ಇವುಗಳಿಂದ ನಮ್ಮ ಮೈಬಣ್ಣಕ್ಕೆ ಅಪಾಯ ಹೆಚ್ಚು. ಹಾಗಾದರೆ ಅಜ್ಜಿಯ ಹಸುರು ಹಚ್ಚೆಯ ಗತಿಯೇನು ಎಂದು ಕೇಳಬಹುದು. ಅದು ಹಸುರಲ್ಲ, ದೀಪದ ಕರಿ. ಚರ್ಮದ ಆಳದಲ್ಲಿರುವುದರಿಂದ ಕಣ್ಣಿಗೆ ಹಾಗೆ ಕಾಣುತ್ತದೆ. ಕೊರವಂಜಿಯ ಕೈಯ ಹಚ್ಚೆಯಲ್ಲಿ ಮಸಿ ಕಡಿಮೆ, ಬಣ್ಣ ಒಂದೇ. ಅಂಗಡಿಯ ಬಹುವರ್ಣದ ಟ್ಯಾಟೂವಿಗಿಂತ ಅದು ಸಾಮಾನ್ಯವಾಗಿ ಬೇಗ ಮಾಸುತ್ತದೆ.

ಸಿದ್ಧತೆಯ ಮೊದಲ ಹೆಜ್ಜೆ ಯಾರ ಬಳಿ ಹೋಗಬೇಕೆಂಬ ನಿರ್ಣಯ. ಹಚ್ಚೆ ಹಾಕುವ ಅಂಗಡಿಯಲ್ಲಾಗಲಿ ಸೌಂದರ್ಯ ಮಳಿಗೆಯಲ್ಲಾಗಲಿ ತೆಗೆಸಬಾರದು. ಚರ್ಮರೋಗದಲ್ಲಿ ಸ್ನಾತಕೋತ್ತರ ಪದವಿಯುಳ್ಳ ವೈದ್ಯರೇ ಆಗಬೇಕು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದ ಪ್ರಕಾರ ಪ್ರತಿಯೊಂದು ಖಾಸಗಿ ಚಿಕಿತ್ಸಾಲಯವೂ ನೋಂದಣಿಯಾಗಿರಬೇಕು. ಪ್ರಮಾಣಪತ್ರವನ್ನು ತೋರಿಸಿರೆಂದು ಕೇಳಲು ಸಂಕೋಚ ಪಡಬೇಕಾದುದಿಲ್ಲ. ವಿಕ್ಟೋರಿಯಾ, ಬೌರಿಂಗ್ ಮುಂತಾದ ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮವಿಭಾಗಗಳಿವೆ. ಕೈಯಲ್ಲಿ ಹಣ ಕಡಿಮೆಯಿರುವವರು ಮೊದಲು ಅಲ್ಲಿ ಸಲಹೆ ಪಡೆಯಬಹುದು. ಖಾಸಗಿಯಲ್ಲಾದರೆ ಒಂದು ಸರದಿಯ ದರವನ್ನು ಕೇಳಿ ಸುಮ್ಮನಾಗದೆ, ಒಟ್ಟು ಎಷ್ಟು ಸರದಿಗಳಾಗಬಹುದೆಂದು ಕೇಳಿ ಗುಣಿಸಿ ನೋಡಬೇಕು.

ಸರದಿಗಳ ಸಂಖ್ಯೆಯನ್ನು ಅಂದಾಜು ಮಾಡಲು 2009ರಲ್ಲಿ ಕಿರ್ಬಿ ಮತ್ತು ದೇಸಾಯಿ ಎಂಬುವರು ಒಂದು ಮಾಪನವನ್ನು ಪ್ರಕಟಿಸಿದರು. ಚರ್ಮದ ಬಣ್ಣ, ಹಚ್ಚೆ ಇರುವ ಜಾಗ, ಮಸಿಯ ಪ್ರಮಾಣ, ಬಣ್ಣಗಳು, ಮೊದಲೇ ಇರುವ ಗಾಯದ ಕಲೆ, ಒಂದರ ಮೇಲೊಂದು ಹಾಕಿಸಿದ್ದಾರೆಯೇ ಎಂಬುದು, ಇವಕ್ಕೆ ಅಂಕ ಕೊಟ್ಟು ಕೂಡಿಸುವ ಕ್ರಮವದು. ಹೃದಯದಿಂದ ದೂರವಾದಷ್ಟೂ ರಕ್ತಸಂಚಾರ ಮಂದ, ಆದುದರಿಂದ ಎದೆಯ ಮೇಲಿನದಕ್ಕಿಂತ ಕಣಕಾಲಿನದು ನಿಧಾನ. ಹಳೆಯ ಹೆಸರನ್ನು ಮುಚ್ಚಲು ಅದರ ಮೇಲೆ ಹೂವನ್ನೋ ಹುಲಿಯನ್ನೋ ಬರೆಸಿಕೊಂಡವರಿಗೆ ಮಸಿ ಇಮ್ಮಡಿ, ಸರದಿಯೂ ಹೆಚ್ಚು. ಎಂಟು ಸರದಿ, ನಡುವೆ ಎಂಟೆಂಟು ವಾರದ ಅಂತರವೆಂದಿಟ್ಟುಕೊಂಡರೆ 56 ವಾರಗಳಾದವು. ಅಧಿಸೂಚನೆ ಬಂದ ಮೇಲೆ ಹೊರಟವನಿಗೆ ಇದು ದಕ್ಕುವುದಿಲ್ಲ. ಅಂತರವನ್ನು ಕುಗ್ಗಿಸಿ ಬೇಗ ಮುಗಿಸಿಕೊಡುತ್ತೇವೆನ್ನುವವರನ್ನು ನಂಬಬಾರದು. ಇಟಲಿಯ ವೈದ್ಯರು 352 ಜನರನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತು ಸರದಿಗಳ ನಂತರ ಹಚ್ಚೆ ಯಶಸ್ವಿಯಾಗಿ ಹೋದದ್ದು ಅರ್ಧಕ್ಕಿಂತ ತುಸು ಕಡಿಮೆ ಜನರಿಗೆ. ಧೂಮಪಾನಿಗಳಲ್ಲಿ ಫಲ ಬಹಳ ಕಡಿಮೆಯೆಂದೂ ಅದೇ ಅಧ್ಯಯನದಲ್ಲಿ ಕಂಡುಬಂತು. ಬೀಡಿ ಸಿಗರೇಟು ಬಿಡಿಸಲು ಸೋತ ತಾಯಂದಿರಿಗೆ ಇದೊಂದು ಹೊಸ ಅಸ್ತ್ರ.

ವೈದ್ಯರ ಮುಂದೆ ಏನನ್ನೂ ಮುಚ್ಚಿಡಬಾರದು. ಹಿಂದೆ ಗಾಯವಾದಾಗ, ಕಿವಿ ಚುಚ್ಚಿಸಿದಾಗ ಅಥವಾ ಲಸಿಕೆ ಹಾಕಿಸಿದಾಗ ಉಬ್ಬಿದ ಗಡ್ಡೆಯಂಥ ಕಲೆ ಎದ್ದಿದ್ದರೆ ಅದು ಕೆಲಾಯ್ಡ್, ಅದನ್ನು ಹೇಳಬೇಕು. ಮಧುಮೇಹ, ಗರ್ಭ, ಎದೆಹಾಲು ಕುಡಿಸುತ್ತಿರುವುದು, ಮೊಡವೆಗೆ ನುಂಗುವ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ, ಎಲ್ಲವನ್ನೂ ಹೇಳಬೇಕು. ಹಚ್ಚೆಯ ಕೆಂಪು ಭಾಗ ಆಗಾಗ ಉಬ್ಬಿ ತುರಿಸುತ್ತಿದ್ದರೆ ಅದು ಬಣ್ಣದ ಒಗ್ಗದಿಕೆ. ಅಂಥದನ್ನು ಲೇಸರ್‌ನಿಂದ ಒಡೆದರೆ ಒಗ್ಗದ ವಸ್ತು ಮೈಯೆಲ್ಲ ಹರಡುವ ಅಪಾಯವಿದೆ. ಸಂಧಿವಾತಕ್ಕಾಗಿ ಚಿನ್ನದ ಲವಣದ ಚುಚ್ಚುಮದ್ದು ಪಡೆದವರ ಚರ್ಮ ಈ ಲೇಸರ್ ತಗುಲಿದ ಜಾಗದಲ್ಲಿ ನೀಲಿಗಪ್ಪಾಗುವುದುಂಟು. ನಮ್ಮಲ್ಲಿ ಸ್ವರ್ಣಭಸ್ಮ ಸೇವಿಸುವವರು ಇರುವುದರಿಂದ ಅದನ್ನೂ ತಿಳಿಸುವುದು ಒಳ್ಳೆಯದು.

ಸರದಿಗೆ ಮುಂಚಿನ ಸುಮಾರು ನಾಲ್ಕು ವಾರ ಆ ಜಾಗಕ್ಕೆ ಬಿಸಿಲು ಬೀಳಬಾರದು. ಬಿಸಿಲಿಗೆ ಕಪ್ಪಾದ ಚರ್ಮದಲ್ಲಿ ಮೆಲನಿನ್ ಹೆಚ್ಚು, ಸುಡುವ ಭಯವೂ ಹೆಚ್ಚು. ಜಾತ್ರೆ, ಪಾದಯಾತ್ರೆಗಳಿಂದ ಬಂದ ಮಾರನೆಯ ವಾರಕ್ಕೆ ಸರದಿ ಗೊತ್ತು ಮಾಡಿಕೊಳ್ಳಬೇಡಿ. ಮೈ ಬೆಳ್ಳಗಾಗಲೆಂದು ಔಷಧದಂಗಡಿಯಲ್ಲಿ ತಾವೇ ಕೇಳಿ ತರುವ ಮುಲಾಮುಗಳಲ್ಲಿ ಅನೇಕ ವೇಳೆ ಸ್ಟಿರಾಯ್ಡ್ ಇರುತ್ತದೆ. ಅವು ಚರ್ಮವನ್ನು ತೆಳುವಾಗಿಸುತ್ತವೆ, ಹಚ್ಚಕೂಡದು. ಇಡೀ ಹಚ್ಚೆಗೆ ಕೈ ಹಾಕುವ ಮೊದಲು ಒಂದು ಮೂಲೆಯಲ್ಲಿ ಪರೀಕ್ಷೆಗಾಗಿ ಕಿರಣ ಬಿಟ್ಟು ಕೆಲವು ವಾರ ಕಾದು ನೋಡುವಂತೆ ಕೇಳಿಕೊಳ್ಳಬಹುದು. ಪ್ರತಿ ಸರದಿಗೂ ಮುಂಚೆ ಒಂದೇ ಬೆಳಕಿನಲ್ಲಿ ಭಾವಚಿತ್ರ ತೆಗೆದಿಡಬೇಕು, ಇಲ್ಲವಾದರೆ ನಡುವೆ ಏನೂ ಮಾಸಿಲ್ಲವೆಂಬ ನಿರಾಶೆ ಬರುತ್ತದೆ.

ಆ ದಿನ ಬೆಳಿಗ್ಗೆ ಉಪವಾಸ ಬೇಡ. ಸೋಮವಾರದ ವ್ರತವಿದ್ದರೆ ಮಂಗಳವಾರ ಹೋಗಿ. ಖಾಲಿ ಹೊಟ್ಟೆಯಲ್ಲಿ ನೋವು ಕಂಡು ತಲೆ ಸುತ್ತಿ ಬಿದ್ದವರುಂಟು. ಆ ಜಾಗದ ಮೇಲೆ ಎಣ್ಣೆ, ಅರಿಶಿನ, ವಿಭೂತಿ, ಸುಗಂಧ ಯಾವುದೂ ಇರಬಾರದು. ಕೂದಲಿದ್ದರೆ ಕ್ಷೌರ ಮಾಡಿಕೊಳ್ಳಬಹುದು, ಮೇಣ ಹಚ್ಚಿ ಕೀಳಬಾರದು. ಮರಗಟ್ಟಿಸುವ ಮುಲಾಮನ್ನು ಹಚ್ಚಿ ಪ್ಲಾಸ್ಟಿಕ್ ಹಾಳೆ ಸುತ್ತಿ ಸುಮಾರು ಒಂದು ಗಂಟೆ ಕೂರಿಸುತ್ತಾರೆ. ಅದನ್ನು ಮನೆಯಲ್ಲಿ ಮನಬಂದಷ್ಟು ಹಚ್ಚಿಕೊಂಡು ಹೋಗಬಾರದು, ದೊಡ್ಡ ಜಾಗಕ್ಕೆ ಹೆಚ್ಚು ಹಚ್ಚಿದರೆ ಔಷಧ ರಕ್ತ ಸೇರಿ ವಿಷವಾದೀತು. ಕಣ್ಣಿಗೆ ರಕ್ಷಾಕವಚವಿಲ್ಲದೆ ಆ ಕೋಣೆಯಲ್ಲಿ ರೋಗಿಯೂ ಇರಬಾರದು, ಜೊತೆಗೆ ಬಂದವರೂ ಇರಬಾರದು. ಕಿರಣದ ಕೆಲಸ ಕೆಲವೇ ನಿಮಿಷಗಳದು. ಚಟಪಟನೆ ಸದ್ದು, ಒಗ್ಗರಣೆಯ ಸಾಸಿವೆ ಸಿಡಿದಂತೆ ಉರಿ. ಕೂಡಲೇ ಹಚ್ಚೆ ಬೆಳ್ಳಗೆ ತಿರುಗುತ್ತದೆ. ಅಳಿಸಿಯೇ ಹೋಯಿತೆಂದು ಹಿಗ್ಗಬೇಕಾಗಿಲ್ಲ, ಅದು ಚರ್ಮದೊಳಗೆ ಎದ್ದ ಅನಿಲದ ಗುಳ್ಳೆಗಳ ಬಿಳುಪು. ಅರ್ಧ ಗಂಟೆಯೊಳಗೆ ಇಳಿದು ಹಚ್ಚೆ ಮತ್ತೆ ಕಾಣುತ್ತದೆ.

ಮನೆಗೆ ಬಂದ ಮೇಲಿನ ಎರಡು ವಾರಗಳೇ ಮುಖ್ಯ. ಮೊದಲ ದಿನ ಬಾವು, ಕೆಂಪು, ಉರಿ ಸಹಜ. ಶುದ್ಧವಾದ ಬಟ್ಟೆಯಲ್ಲಿ ಸುತ್ತಿದ ತಂಪನ್ನು ಆಗಾಗ ಇಡಬಹುದು, ಮಂಜುಗಡ್ಡೆಯನ್ನು ನೇರವಾಗಿ ಚರ್ಮಕ್ಕೆ ಒತ್ತಬಾರದು. ನೀರುಗುಳ್ಳೆಗಳು ಏಳಬಹುದು, ಕೆಲವೊಮ್ಮೆ ದೊಡ್ಡವೇ ಏಳುತ್ತವೆ. ಅವನ್ನು ಒಡೆಯಕೂಡದು. ಗುಳ್ಳೆಯ ಮೇಲಿನ ಚರ್ಮವೇ ದೇಹ ತಾನಾಗಿ ಕಟ್ಟಿಕೊಂಡ ಪಟ್ಟಿ. ತೀರ ದೊಡ್ಡದಾಗಿ ಬಿಗಿದರೆ ವೈದ್ಯರೇ ಶುದ್ಧ ಸೂಜಿಯಿಂದ ನೀರು ತೆಗೆಯಲಿ. ದಿನಕ್ಕೊಮ್ಮೆಯೋ ಎರಡು ಬಾರಿಯೋ ಸೌಮ್ಯ ಸಾಬೂನಿನ ನೀರಿನಿಂದ ಮೆಲ್ಲಗೆ ತೊಳೆದು, ಒತ್ತಿ ಒರೆಸಿ, ವೈದ್ಯರು ಕೊಟ್ಟ ಮುಲಾಮನ್ನೋ ಬರಿಯ ವ್ಯಾಸಲೀನನ್ನೋ ಹಚ್ಚಿ, ಅಂಟಿಕೊಳ್ಳದ ಪಟ್ಟಿಯನ್ನು ಕಟ್ಟಬೇಕು. ಅರಿಶಿನ, ತುಪ್ಪ, ಹಲ್ಲುಜ್ಜುವ ಪೇಸ್ಟು, ಕಾಫಿಪುಡಿ, ಅತ್ತೆ ಹೇಳಿದ್ದು, ನೆರೆಮನೆಯವರು ಹೇಳಿದ್ದು, ಯಾವುದೂ ಬೇಡ. ಹಕ್ಕಳೆ ಕಟ್ಟಿದ ಮೇಲೆ ತುರಿಕೆ ಬರುತ್ತದೆ. ಕಿತ್ತವರಿಗೆ ಕಲೆ ಉಳಿಯುತ್ತದೆ, ಬಿಟ್ಟವರಿಗೆ ತಾನಾಗಿ ಉದುರುತ್ತದೆ. ಕೆಂಪು ದಿನದಿಂದ ದಿನಕ್ಕೆ ಹರಡಿದರೆ, ಕೀವು ಬಂದರೆ, ಜ್ವರ ಬಂದರೆ ಮುಂದಿನ ಸರದಿಯವರೆಗೆ ಕಾಯದೆ ಅಂದೇ ವೈದ್ಯರನ್ನು ಕಾಣಬೇಕು.

ಸ್ನಾನಕ್ಕೆ ಅಡ್ಡಿಯಿಲ್ಲ, ನೆನೆಯುವುದಕ್ಕೆ ಅಡ್ಡಿಯಿದೆ. ಕೂಡಲಸಂಗಮಕ್ಕೋ ಶ್ರೀಶೈಲಕ್ಕೋ ಹೋಗುವವರು ಗಾಯ ಪೂರ್ಣ ಮಾಯುವವರೆಗೆ ಹೊಳೆಯಲ್ಲಿ ಮುಳುಗು ಹಾಕಬಾರದು. ಇಷ್ಟಲಿಂಗ ಪೂಜೆಯ ವಿಷಯವನ್ನೂ ಹಲವರು ಕೇಳಿದ್ದಾರೆ. ಎಡಗೈಯ ಮಣಿಕಟ್ಟಿನ ಹತ್ತಿರ ಪಟ್ಟಿಯಿದ್ದರೆ ಪೂಜೆಗೆಂದು ಅದನ್ನು ಬಿಚ್ಚಬೇಕಾದುದಿಲ್ಲ, ಅಂಗೈ ಶುದ್ಧವಾಗಿದ್ದರೆ ಸಾಕು. ಮಜ್ಜನದ ನೀರು ಮುಂಗೈಗೆ ಹರಿಯದಂತೆ ಕೈಯನ್ನು ತುಸು ಬಾಗಿಸಿಕೊಳ್ಳಿ. ತೋಳು ಮುಂಗೈಗಳಿಗೆ ವಿಭೂತಿ ಧರಿಸುವ ರೂಢಿಯವರು ಗಾಯದ ಜಾಗವನ್ನು ಬಿಟ್ಟು ಧರಿಸತಕ್ಕದ್ದು. ಹಸಿಗಾಯದಲ್ಲಿ ಭಸ್ಮದ ಕಣ ಸೇರಿದರೆ ಅದೂ ಒಂದು ಬಗೆಯ ಹಚ್ಚೆಯೇ ಆದೀತು.

ಕಾಮಾಕ್ಷಿಪಾಳ್ಯದಂತಹ ಕೈಗಾರಿಕೆಯ ನೆರೆಯಲ್ಲಿರುವವರಿಗೆ ಇನ್ನೊಂದು ಮಾತು. ಲೇತ್ ಯಂತ್ರದ ಕೂಲೆಂಟ್ ಎಣ್ಣೆ, ಅರದ ಪುಡಿ, ಪ್ಲೇಟಿಂಗ್ ತೊಟ್ಟಿಯ ರಾಸಾಯನಿಕ, ಇವು ಹಸಿ ಚರ್ಮಕ್ಕೆ ತಾಕಬಾರದು. ವೆಲ್ಡಿಂಗ್ ಕಿಡಿಯ ಬೆಳಕಿನಲ್ಲಿ ಬಿಸಿಲಿನಲ್ಲಿರುವಂತೆಯೇ ಅತಿನೇರಳೆ ಕಿರಣವುಂಟು. ನೆರಳಿನಲ್ಲಿ ಕೆಲಸ ಮಾಡುತ್ತೇನೆಂದುಕೊಂಡ ವೆಲ್ಡರನ ಕೈ ಬಯಲಿನಲ್ಲಿ ನಿಂತವನಷ್ಟೇ ಕಪ್ಪಾಗುತ್ತದೆ. ಸಾಧ್ಯವಾದರೆ ಶನಿವಾರ ಸಂಜೆಗೆ ಸರದಿ ಇಟ್ಟುಕೊಂಡು ಮೊದಲ ಕೆಲವು ದಿನ ರಜೆ ಹಾಕುವುದು ಮೇಲು. ಆಮೇಲೆ ದಪ್ಪ ಹತ್ತಿಯ ತುಂಬುತೋಳಿನ ಅಂಗಿ ಬೇಕು. ಗಾಯ ಮಾಯ್ದ ಮೇಲೆ ಬಿಸಿಲು ತಡೆಯುವ ಸನ್‌ಸ್ಕ್ರೀನ್ ಮುಲಾಮನ್ನು ಮುಂದಿನ ಸರದಿಯವರೆಗೂ ಹಚ್ಚುತ್ತಿರಬೇಕು.

ಕೊನೆಗೆ ಏನು ಉಳಿಯುತ್ತದೆ ಎಂಬುದನ್ನೂ ತಿಳಿದಿರಬೇಕು. ಚರ್ಮ ಕೆಲವು ಕಾಲ ಸುತ್ತಲಿಗಿಂತ ಕಪ್ಪಾಗಿಯೋ ಬಿಳಿಚಿಕೊಂಡೋ ಕಾಣಬಹುದು. ಬಹುತೇಕ ತಿಂಗಳುಗಳಲ್ಲಿ ಸರಿಹೋಗುತ್ತದೆ, ಬಿಳುಪು ಕೆಲವರಲ್ಲಿ ನಿಂತೇಬಿಡುತ್ತದೆ. ಬಿಳಿ ಮತ್ತು ಚರ್ಮದ ಬಣ್ಣದ ಮಸಿಗಳಲ್ಲಿರುವ ಲೋಹದ ಆಕ್ಸೈಡುಗಳು ಕಿರಣ ತಗುಲಿದೊಡನೆ ಕಪ್ಪಾಗುವುದುಂಟು. ಪೂರ್ತಿ ಅಳಿಸಿಯೇ ಕೊಡುತ್ತೇವೆಂದು ಬರೆದುಕೊಡುವ ವೈದ್ಯರಿದ್ದರೆ ಅವರಿಂದ ದೂರವಿರುವುದು ಲೇಸು. ಮಸಿಯಲ್ಲಿ ಏನಿದೆಯೆಂಬುದೂ ನಮ್ಮಲ್ಲಿ ಯಾರಿಗೂ ಸರಿಯಾಗಿ ತಿಳಿಯದ ಸ್ಥಿತಿಯಿದೆ. ಯುರೋಪಿನ ಒಕ್ಕೂಟ 2022ರ ಜನವರಿಯಿಂದ ಹಚ್ಚೆಯ ಮಸಿಯಲ್ಲಿ ಸಾವಿರಾರು ರಾಸಾಯನಿಕಗಳಿಗೆ ಮಿತಿ ಹಾಕಿತು. ನಮ್ಮ ರಾಜ್ಯದಲ್ಲಿ ಆರೋಗ್ಯ ಸಚಿವರಾಗಿದ್ದ ದಿನೇಶ್ ಗುಂಡೂರಾವ್ ಅವರು 2025ರಲ್ಲಿ ಹಚ್ಚೆಯ ಮಸಿಗಳಲ್ಲಿ ಲೋಹಾಂಶಗಳು ಕಂಡುಬಂದಿರುವುದನ್ನು ಪ್ರಸ್ತಾಪಿಸಿ, ನಿಯಮ ರೂಪಿಸಲು ಕೇಂದ್ರವನ್ನು ಕೋರುವುದಾಗಿ ಹೇಳಿದ್ದರು.

ಮೇಲೆ ಹೇಳಿದ ಹುಡುಗ ಆ ಬಾರಿಯ ನೇಮಕಾತಿಯನ್ನು ಕಳೆದುಕೊಂಡ. ಆಸಿಡ್ ಹಚ್ಚದೆ ಉಳಿದ. ಇದುವರೆಗೆ ಐದು ಸರದಿಗಳಾಗಿವೆ. ದಪ್ಪ ಅಕ್ಷರಗಳು ಬೂದಿಯ ಗೆರೆಗಳಂತಾಗಿವೆ, ತಿಳಿದವರಿಗೆ ಮಾತ್ರ ಓದಲು ಬರುತ್ತವೆ. ವಯೋಮಿತಿ ಮುಗಿಯಲು ಇನ್ನೂ ಎರಡು ವರ್ಷಗಳಿವೆ. ಅಲ್ಲಿಯವರೆಗೆ ತಂದೆಯೊಡನೆ ಕಾರ್ಖಾನೆಯಲ್ಲಿ, ತುಂಬುತೋಳಿನ ಅಂಗಿ ತೊಟ್ಟು ಕೆಲಸ ಮಾಡುತ್ತಿದ್ದಾನೆ. ಆರನೆಯ ಸರದಿ ದೀಪಾವಳಿಯ ನಂತರ.